ಕ್ಯಾಂಕೂನ್–ಚಿಚೆನ್ ಇಟ್ಸಾ ಬಸ್ ಸಮಯದ ಗೊಂದಲ

ಮೆಕ್ಸಿಕೊದ ಕ್ಯಾಂಕೂನ್‌ನಿಂದ ಪ್ರಾಚೀನ ಮಾಯಾ ನಗರ ಚಿಚೆನ್ ಇಟ್ಸಾಗೆ ಬಸ್ಸಲ್ಲಿ ಹೋಗುವಾಗ ಎರಡು ಗಂಟೆ, ಬರುವಾಗ ನಾಲ್ಕು ಗಂಟೆ ಅಂತ ಟಿಕೆಟ್ ತೋರಿಸುವುದಕ್ಕೆ ಕಾರಣ ಬಹುತೇಕ ಗಡಿಯಾರವೇ, ಬಸ್ಸಲ್ಲ. ಕ್ಯಾಂಕೂನ್ ಇರುವುದು ಕಿಂತಾನಾ ರೋ ರಾಜ್ಯದಲ್ಲಿ, ಚಿಚೆನ್ ಇಟ್ಸಾ ಯುಕಟಾನ್ ರಾಜ್ಯದಲ್ಲಿ. ಯುಕಟಾನ್ ಒಂದು ಗಂಟೆ ಹಿಂದೆ. ಟಿಕೆಟ್‌ನಲ್ಲಿ ಆಯಾ ಊರಿನ ಸ್ಥಳೀಯ ಸಮಯವೇ ಇರುತ್ತದೆ, ಹಾಗಾಗಿ ನಿಜವಾದ ಪ್ರಯಾಣ ಎರಡೂ ಕಡೆ ಸುಮಾರು ಮೂರು ಗಂಟೆ.

ಮೊದಲು ಫೋನಿನಲ್ಲಿ ಯುಕಟಾನ್ ರಾಜಧಾನಿ ಮೆರಿಡಾದ ಸಮಯವನ್ನೂ ಹಾಕಿಕೊಳ್ಳಿ, ವಾಪಸ್ ಬಸ್ಸಿಗೆ ಅದನ್ನೇ ನೋಡಿ. ಒಂದು ರಾತ್ರಿ ಬಿಡುವಿದ್ದರೆ ಹಿಂದಿನ ದಿನವೇ ಹತ್ತಿರದ ಊರಾದ ವಯ್ಯಾದೊಲಿದ್‌ಗೆ ಹೋಗಿ ಉಳಿಯಿರಿ, ಅಲ್ಲಿಂದ ಚಿಚೆನ್ ಇಟ್ಸಾಗೆ ಸುಮಾರು 45 ಕಿ.ಮೀ. ಅಷ್ಟೇ. ಗೇಟು ತೆರೆಯುವ ಬೆಳಿಗ್ಗೆ 8ಕ್ಕೆ ಅಲ್ಲಿದ್ದರೆ ಟೂರ್ ಬಸ್ಸುಗಳ ಜನ ಬರುವ ಮುಂಚೆ ಎಲ್‌ ಕಾಸ್ತಿಯ್ಯೊ ಪಿರಮಿಡ್ ನೆಮ್ಮದಿಯಾಗಿ ನೋಡಬಹುದು. ಅದರ ಮೇಲೆ ಹತ್ತಲು ಬಿಡುವುದಿಲ್ಲ. ಆದರೆ ಮೆಟ್ಟಿಲುಗಳ ಎದುರು ನಿಂತು ಒಮ್ಮೆ ಚಪ್ಪಾಳೆ ತಟ್ಟಿ: ಹಕ್ಕಿ ಕೂಗಿದಂಥ ಪ್ರತಿಧ್ವನಿ ಬರುತ್ತದೆ, ಗದ್ದಲ ಶುರುವಾದ ಮೇಲೆ ಅದು ಸರಿಯಾಗಿ ಕೇಳಿಸದು.

ಪ್ರವೇಶಕ್ಕೆ ಎರಡು ಶುಲ್ಕ, ಒಂದು ರಾಜ್ಯದ್ದು, ಇನ್ನೊಂದು ಕೇಂದ್ರದ್ದು. ಎರಡೂ ಚೀಟಿ ಇಲ್ಲದೆ ಒಳಗೆ ಬಿಡರು. ದರ ಬದಲಾಗುತ್ತಿರುತ್ತದೆ, ಪೆಸೊ ನಗದು ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ. ಬಯಲಲ್ಲಿ ನೆರಳು ಕಡಿಮೆ, ಟೋಪಿ ಮತ್ತು ನೀರು ಬೇಕೇ ಬೇಕು.

ಈಜಲು ಇಕ್ ಕಿಲ್ ಸೆನೋಟೆ (ಸುಣ್ಣಕಲ್ಲು ಕುಸಿದು ಆದ ನೈಸರ್ಗಿಕ ನೀರಿನ ಹೊಂಡ) ಸುಮಾರು 3 ಕಿ.ಮೀ. ದೂರ, ಟ್ಯಾಕ್ಸಿ ಸಾಕು. ನೀರಿಗಿಳಿಯುವ ಮುಂಚೆ ಸ್ನಾನ ಕಡ್ಡಾಯ. ಸನ್‌ಸ್ಕ್ರೀನ್ ಹಚ್ಚಿಕೊಂಡು ಇಳಿಯಲೇಬೇಡಿ: ಅದು ಅಂತರ್ಜಲ, ಹರಿದು ಹೋಗುವ ಹೊಳೆಯಲ್ಲ. ಅದರ ಬದಲು ತುಂಬುತೋಳಿನ ಈಜುಡುಗೆ ತನ್ನಿ.