ಒಂದೇ ಚಿತ್ರ ನೋಡಿ ಒಬ್ಬರು ಕೆರಳುತ್ತಾರೆ, ಇನ್ನೊಬ್ಬರು ನಗುತ್ತಾರೆ. ಯಾರ ಭಕ್ತಿ ದೊಡ್ಡದು?

ದೇವರನ್ನು ಗೇಲಿ ಮಾಡಿದಾಗ ಸುಮ್ಮನಿರುವವರ ಭಕ್ತಿ ಕಡಿಮೆಯಾ, ಇಂಥದ್ದನ್ನು ಕಾನೂನಿನಿಂದ ತಡೆಯಬೇಕಾ ಅಂತ ಕೇಳಿದ್ದೀರಿ. ನಾನೂ ದೇವರನ್ನು ನಂಬುವವನೇ. ಹಾಗಾಗಿ ನಮ್ಮ ಮನೆಯಿಂದಲೇ ಶುರು ಮಾಡುತ್ತೇನೆ.

ಒಮ್ಮೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಯಾರೋ ಒಂದು ವ್ಯಂಗ್ಯಚಿತ್ರ ಕಳಿಸಿದರು. ನಾವು ಪೂಜಿಸುವ ದೇವರನ್ನೇ ಆಡಿಕೊಂಡಿತ್ತು. ಅಣ್ಣ ಸಿಟ್ಟಾಗಿ ಗುಂಪಿನಿಂದಲೇ ಹೊರಟುಹೋದ. ನನಗೂ ಚುರುಕ್ ಅಂತು, ಆದರೆ ಏನೂ ಬರೆಯಲಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಮೂಗೇ ಸರಿಯಾಗಿ ಬರೆದಿಲ್ಲ" ಅಂದು ಫೋನ್ ಕೆಳಗಿಟ್ಟರು. ಮೂವರಲ್ಲಿ ದೇವರ ಮುಂದೆ ಜಾಸ್ತಿ ಹೊತ್ತು ಕೂರುವುದು ಅಮ್ಮನೇ. ಸಿಟ್ಟು ನೋಡಿ ಭಕ್ತಿ ಅಳೆಯುವುದನ್ನು ನಾನು ಅವತ್ತೇ ಬಿಟ್ಟೆ.

ನಮ್ಮಮ್ಮನ ಹಾಗೆಯೇ ಇದ್ದವರು ಸಿಸ್ಟರ್ ವೆಂಡಿ ಬೆಕೆಟ್. ಬ್ರಿಟನ್ನಿನ ಕ್ಯಾಥೊಲಿಕ್ ಸನ್ಯಾಸಿನಿ, ಟಿವಿಯಲ್ಲಿ ಚಿತ್ರಕಲೆಯ ಬಗ್ಗೆ ಮಾತಾಡುತ್ತಿದ್ದರು. 1987ರಲ್ಲಿ ಅಮೆರಿಕದ ಕಲಾವಿದ ಆಂಡ್ರೆಸ್ ಸೆರ್ರಾನೊ ಒಂದು ಪುಟ್ಟ ಶಿಲುಬೆಯನ್ನು ತನ್ನ ಮೂತ್ರದಲ್ಲಿ ಮುಳುಗಿಸಿ ಫೋಟೊ ತೆಗೆದರು. ಅಮೆರಿಕದ ಸೆನೆಟ್‌ನಲ್ಲೇ ಅದರ ಮೇಲೆ ಕೂಗಾಟವಾಯಿತು. 2011ರಲ್ಲಿ ಫ್ರಾನ್ಸಿನ ಆವಿನ್ಯೋನಿನಲ್ಲಿ ಅದನ್ನು ಒಡೆದೂ ಹಾಕಿದರು. ಆದರೆ ಈ ಸನ್ಯಾಸಿನಿಗೆ ಅದರಲ್ಲಿ ದೇವನಿಂದೆ ಕಾಣಲಿಲ್ಲ. ನಾವು ಕ್ರಿಸ್ತನನ್ನು ನಡೆಸಿಕೊಳ್ಳುವ ರೀತಿಯೇ ಅದರಲ್ಲಿದೆ ಎಂಬಂತೆ ಅವರು ಅದನ್ನು ಓದಿದರು. ದೊಡ್ಡ ಕಲೆ ಅಂತಲೂ ಅವರೇನೂ ಹೊಗಳಲಿಲ್ಲ ಬಿಡಿ.

ಹಾಗಂತ ನೋವಾಯಿತು ಅನ್ನುವವರು ನಾಟಕ ಆಡುತ್ತಾರೆ ಅಂತಲ್ಲ. ನೋವು ನಿಜ. ಆದರೆ ನೋವಿಗೂ ಬೆಂಕಿಗೂ ನಡುವೆ ತುಂಬಾ ದೂರ ಇದೆ. ಡೆನ್ಮಾರ್ಕಿನ ಪ್ರಕರಣದಲ್ಲಿ ಆ ದೂರವನ್ನು ತಿಂಗಳುಗಳಲ್ಲೇ ಎಣಿಸಬಹುದು. ಯೂಲೆಂಡ್ಸ್-ಪೋಸ್ಟೆನ್ ಪತ್ರಿಕೆ ಪ್ರವಾದಿ ಮುಹಮ್ಮದರ ವಿಷಯದ 12 ವ್ಯಂಗ್ಯಚಿತ್ರಗಳನ್ನು ಅಚ್ಚು ಹಾಕಿದ್ದು 2005ರ ಸೆಪ್ಟೆಂಬರ್ 30ಕ್ಕೆ. ಅಲ್ಲಿನ ಮುಸ್ಲಿಮರು ಅಕ್ಟೋಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಶಾಂತವಾಗಿ ಮೆರವಣಿಗೆ ಮಾಡಿದರು. ಅದೇ ತಿಂಗಳು ಈಜಿಪ್ಟಿನ ಒಂದು ಪತ್ರಿಕೆ, ಖಂಡಿಸುತ್ತಲೇ, ಕೆಲವು ಚಿತ್ರಗಳನ್ನು ಮತ್ತೆ ಅಚ್ಚು ಹಾಕಿತು. ಆಗ ಯಾವ ರಾಯಭಾರ ಕಚೇರಿಯೂ ಉರಿಯಲಿಲ್ಲ. ಮಾತುಕತೆಗೆ ಬನ್ನಿ ಅಂತ ಮುಸ್ಲಿಂ ದೇಶಗಳ ರಾಯಭಾರಿಗಳು ಕೇಳಿದರೆ, ಡೆನ್ಮಾರ್ಕಿನ ಪ್ರಧಾನಿ ಒಪ್ಪಲಿಲ್ಲ. ಡಿಸೆಂಬರಿನಲ್ಲಿ ಅಲ್ಲಿನ ಕೆಲವು ಇಮಾಮರು ಒಂದು ಕಡತ ಹಿಡಿದು ಅರಬ್ ದೇಶಗಳಿಗೆ ಹೋದರು. ಪತ್ರಿಕೆಯಲ್ಲಿ ಬಂದೇ ಇರದ, ಇನ್ನೂ ಕೀಳಾದ ಚಿತ್ರಗಳೂ ಅದರಲ್ಲಿದ್ದವು. ಸಿರಿಯಾದ ಡಮಾಸ್ಕಸ್ಸಿನಲ್ಲಿ ಡೆನ್ಮಾರ್ಕ್, ನಾರ್ವೆಗಳ ರಾಯಭಾರ ಕಚೇರಿಗಳಿಗೆ ಬೆಂಕಿ ಬಿದ್ದದ್ದು 2006ರ ಫೆಬ್ರುವರಿ 4ಕ್ಕೆ. ಅಂದರೆ ನಾಲ್ಕು ತಿಂಗಳ ಮೇಲೆ! ಚಿತ್ರ ನೋಡಿದ ತಕ್ಷಣ ರಕ್ತ ಕುದಿಯಿತು ಅನ್ನುವ ಕಥೆ ಇಲ್ಲಿ ನಿಲ್ಲುವುದಿಲ್ಲ. ನಡುವೆ ಹೊತ್ತು ತಿರುಗಿದವರಿದ್ದರು, ಕೇಳಿಸಿಕೊಳ್ಳದೆ ಬಾಗಿಲು ಹಾಕಿದವರೂ ಇದ್ದರು.

ಇನ್ನೊಂದು ಮಾತು. ಡೆನ್ಮಾರ್ಕಿನ ಮುಸ್ಲಿಮರು ಅಲ್ಪಸಂಖ್ಯಾತರು, ಹೆಚ್ಚಿನವರು ಹೊರಗಿನಿಂದ ಬಂದು ನೆಲೆಸಿದ ಕುಟುಂಬದವರು. ಮೊದಲೇ ಓರೆಗಣ್ಣಿನಿಂದ ನೋಡುವ ಜನರ ನಡುವೆ ಬದುಕುವವನಿಗೆ ಅದೇ ಚಿತ್ರ "ನೀನು ನಮ್ಮವನಲ್ಲ" ಅಂದ ಹಾಗೆ ಕೇಳಬಹುದು. ಇನ್ನೊಂದು ಕಡೆ, 2011ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ ಮಾರ್ಮನ್ನರನ್ನು (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದವರು) ಗೇಲಿ ಮಾಡುವ ನಾಟಕ ಬಂದಾಗ ಅವರ ಚರ್ಚು ಮುಂದೆ ಆ ನಾಟಕದ ಕೈಪಿಡಿಯಲ್ಲೇ ಜಾಹೀರಾತು ಹಾಕಿತು. ನಾಟಕ ನೋಡಿದಿರಿ, ಇನ್ನು ನಮ್ಮ ಧರ್ಮದ ಪುಸ್ತಕ ಓದಿ ಅನ್ನುವ ಧಾಟಿಯಲ್ಲಿ. ಜಾಣತನ ಅಲ್ವಾ! ಆದರೆ ಅದು ಕಾಸಿರುವ, ಗಟ್ಟಿಯಾಗಿ ಬೇರೂರಿದ ಚರ್ಚು. ಎಲ್ಲರಿಗೂ ಹಾಗೆ ನಗಲು ಆಗುವುದಿಲ್ಲ.

ಇನ್ನು ಕಾನೂನು. ಭಾವನೆ ಕಾಯಲು ಕಾನೂನು ಮಾಡಿದರೆ ಅಳತೆಗೋಲು ಯಾರ ಮನಸ್ಸು? ಅಣ್ಣನದ್ದಾ, ಅಮ್ಮನದ್ದಾ? ಜೋರಾಗಿ ಕೂಗಿದವನದ್ದೇ ಲೆಕ್ಕಕ್ಕೆ ಬರುತ್ತದೆ, ಅಮ್ಮನಂಥವರು ದೂರು ಕೊಡಲು ಹೋಗುವುದೇ ಇಲ್ಲ. ಡೆನ್ಮಾರ್ಕ್ 2017ರಲ್ಲಿ ದೇವನಿಂದೆಯ ಕಾನೂನನ್ನೇ ತೆಗೆದುಹಾಕಿತ್ತು. ಆಮೇಲೆ ಕುರಾನ್ ಸುಡುವ ಗಲಾಟೆಗಳು ಹೆಚ್ಚಾಗಿ, 2023ರ ಡಿಸೆಂಬರಿನಲ್ಲಿ ಧರ್ಮಗ್ರಂಥಗಳನ್ನು ಸಾರ್ವಜನಿಕವಾಗಿ ಅವಮಾನಿಸಬಾರದು ಅಂತ ಹೊಸ ಕಾನೂನು ತಂದಿತು. ದೇಶದ ಸುರಕ್ಷತೆಯ ಕಾರಣ ಕೊಟ್ಟರು. ನನಗೆ ಅದು ಬೆದರಿಕೆಗೆ ಬಗ್ಗಿದ ಹಾಗೆ ಕಾಣುತ್ತದೆ. ನಾನಾಗಿದ್ದರೆ ಗೆರೆಯನ್ನು ಬೇರೆ ಕಡೆ ಎಳೆಯುತ್ತಿದ್ದೆ. ದೇವರನ್ನು ಆಡಿಕೊಂಡರೆ ಆಡಿಕೊಳ್ಳಲಿ. ಆ ದೇವರನ್ನು ನಂಬುವವರನ್ನು ಹೊಡೆಯಿರಿ, ಓಡಿಸಿ ಅಂದರೆ ಮಾತ್ರ ಪೊಲೀಸರು ಬರಲಿ.

ಅಣ್ಣ ವಾರದ ಮೇಲೆ ಗುಂಪಿಗೆ ವಾಪಸ್ ಬಂದ. ಆ ಚಿತ್ರ ಕೆಟ್ಟದ್ದು ಅಂತ ಇವತ್ತಿಗೂ ವಾದಿಸುತ್ತಾನೆ. ನಾನು ಒಪ್ಪುವುದಿಲ್ಲ, ಅವನು ಬಿಡುವುದಿಲ್ಲ. ಅಮ್ಮ ಟಿವಿ ಸೌಂಡು ಜಾಸ್ತಿ ಮಾಡುತ್ತಾರೆ.