ನೋಡಲು ಚೆಂದ, ಹಿಡಿಯಲು ಹೇಗೆ?

ಪ್ರಶ್ನೆ: ನಿಕಾನ್ ಝಡ್‌ಎಫ್‌ಸಿ ಕ್ಯಾಮೆರಾ ನೋಡಿದ ಕೂಡಲೇ ಮನಸೋತೆ. ಸೆಕೆಂಡ್ ಹ್ಯಾಂಡ್ ಅಂಗಡಿಯವರು ಮಾತ್ರ ‘ಒಳಗಿರೋದೆಲ್ಲ ಝಡ್ 50ರದ್ದೇ ಸಾರ್, ಅದನ್ನೇ ತಗೊಳ್ಳಿ’ ಎನ್ನುತ್ತಾರೆ. ಝಡ್‌ಎಫ್‌ಸಿ ಕೊಂಡರೆ ಬರೀ ಅಂದಕ್ಕೆ ದುಡ್ಡು ಸುರಿದಂತೆ ಆಗುತ್ತದೆಯೇ? (ಶಿವಮೊಗ್ಗ)

ಅಂಗಡಿಯವರ ಮಾತು ಮುಕ್ಕಾಲು ಪಾಲು ನಿಜ. 2019ರ ಝಡ್ 50, 2021ರ ಝಡ್‌ಎಫ್‌ಸಿ ಎರಡರಲ್ಲೂ 20.9 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಅಳತೆಯ ಸೆನ್ಸರ್ (ಬೆಳಕು ಹಿಡಿಯುವ ಚಿಪ್), ಎಕ್ಸ್‌ಪೀಡ್ 6 ಪ್ರೊಸೆಸರ್. ಬ್ಯಾಟರಿ, ಕಾರ್ಡ್ ಸೇರಿ ತೂಕ 450 ಗ್ರಾಂ ಆಸುಪಾಸು. ಒಂದೇ ಲೆನ್ಸ್ ಹಾಕಿ ತೆಗೆದರೆ ಯಾವ ಫೋಟೊ ಯಾವುದರದ್ದೆಂದು ಯಾರೂ ಹೇಳಲಾರರು.

ವ್ಯತ್ಯಾಸ ಇರುವುದು ಕೈಗೆ. ಝಡ್‌ಎಫ್‌ಸಿಯ ರೂಪ 1982ರ ಫಿಲಂ ಕ್ಯಾಮೆರಾ ಎಫ್‌ಎಂ2ರಿಂದ ಬಂದದ್ದು. ಅದರ ಮುಂಭಾಗ ಚಪ್ಪಟೆ. ಝಡ್ 50ರಲ್ಲಿ ಬೆರಳು ಸುತ್ತಿ ಹಿಡಿಯುವಷ್ಟು ಆಳವಾದ ಗ್ರಿಪ್ ಇದೆ, ಇದರಲ್ಲಿ ಇಲ್ಲ. 135 ಗ್ರಾಂನ 16-50 ಎಂಎಂ ಕಿಟ್ ಲೆನ್ಸ್ ಹಾಕಿದಾಗ ಇದರ ಕೊರತೆ ಗೊತ್ತೇ ಆಗುವುದಿಲ್ಲ. 405 ಗ್ರಾಂನ 50-250 ಹಾಕಿ, ಝೂಮ್ ಪೂರ್ತಿ ಚಾಚಿ ನೋಡಿ: ಮೂತಿ ಕೆಳಗೆ ವಾಲುತ್ತದೆ, ಅದನ್ನು ತಡೆಯಲು ಬಲಗೈ ಬೆರಳತುದಿಗಳು ಬಿಗಿಯುತ್ತವೆ, ಹತ್ತು ನಿಮಿಷದಲ್ಲಿ ಮಣಿಕಟ್ಟು ನೋಯುತ್ತದೆ. ಭಾರವನ್ನು ಎಡಗೈಗೆ ಬಿಡಬೇಕು, ಅಂಗೈ ಲೆನ್ಸಿನ ಅಡಿಗಿರಬೇಕು. ನಿಕಾನ್‌ನದೇ ಜಿಆರ್-1 ಎಂಬ ಹೆಚ್ಚುವರಿ ಗ್ರಿಪ್ ಸಿಗುತ್ತದೆ. ಬೇರೆ ಕಂಪನಿಯದು ಕೊಳ್ಳುವುದಾದರೆ, ಹಾಕಿದ ಮೇಲೂ ತಳದ ಬಾಗಿಲು ತೆರೆಯುತ್ತದೆಯೇ ನೋಡಿಕೊಳ್ಳಿ. ಬ್ಯಾಟರಿ, ಕಾರ್ಡ್ ಎರಡೂ ಅಲ್ಲೇ ಇವೆ.

ಇನ್ನು ಮೇಲಿನ ಡಯಲ್‌ಗಳು. ಅವು ಬರೀ ಒಡವೆಯಲ್ಲ. ಕ್ಯಾಮೆರಾ ಆಫ್ ಇದ್ದಾಗಲೂ ಶಟರ್ ಸ್ಪೀಡ್, ಐಎಸ್‌ಒ (ಬೆಳಕಿಗೆ ಸಂವೇದನೆ), ಎಕ್ಸ್‌ಪೋಶರ್ ಕಾಂಪನ್ಸೇಶನ್ (ಫೋಟೊದ ಬೆಳಕನ್ನು ತುಸು ಏರಿಸುವ, ಇಳಿಸುವ ಹೊಂದಿಕೆ) ಎಷ್ಟಿದೆ ಎಂದು ಕಣ್ಣಿಗೆ ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ಆದರೆ ಒಂದು ಕಡೆ ಈ ವೇಷ ಹರಿಯುತ್ತದೆ. ಐಎಸ್‌ಒ ಡಯಲಿನ ಅಡಿಯ ಚಿಕ್ಕ ಲಿವರ್ ‘ಎ’ ಮೋಡ್‌ನಲ್ಲಿದ್ದರೆ ಶಟರ್ ಸ್ಪೀಡನ್ನು ಕ್ಯಾಮೆರಾವೇ ಆರಿಸುತ್ತದೆ, ಶಟರ್ ಡಯಲ್ ಕೆಲಸಕ್ಕಿಲ್ಲ. ಡಯಲ್ 1000 ಎಂದು ತೋರಿಸುತ್ತಿರುತ್ತದೆ, ಒಳಗೆ ನಡೆಯುತ್ತಿರುವುದು 1/30 ಇರಬಹುದು. ಓಡುವ ಮಗುವಿನ ಫೋಟೊ ಯಾಕೆ ಮಸುಕಾಯಿತು ಎಂದು ತಲೆ ಕೆಡಿಸಿಕೊಳ್ಳುವವರು ಮೊದಲು ಆ ಲಿವರ್ ನೋಡಲಿ. ಫ್ಯೂಜಿಫಿಲ್ಮ್‌ನ ಎಕ್ಸ್-ಟಿ ಸಾಲಿನ ಮೊದಲ ಕ್ಯಾಮೆರಾಗಳಲ್ಲಿ ಈ ಗೊಂದಲ ಇಲ್ಲ: ಬೇರೆ ಮೋಡ್ ಗುಂಡಿಯೇ ಇಲ್ಲ, ಶಟರ್ ಡಯಲಿನಲ್ಲೇ ‘ಎ’ (ಆಟೊ) ಗುರುತಿದೆ. ವಿನ್ಯಾಸದಲ್ಲಿ ನನ್ನ ಓಟು ಅದಕ್ಕೆ.

ಎಫ್‌ಎಂ2 ಕಾಲದಲ್ಲಿ ಬೆಳಕು ಬರುವ ರಂಧ್ರವನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರಿಂಗ್ ಲೆನ್ಸಿನ ಮೇಲಿರುತ್ತಿತ್ತು. ಝಡ್ ಕಿಟ್ ಲೆನ್ಸಿನಲ್ಲಿ ಅದಿಲ್ಲ. ಅದರ ಬದಲು ಕ್ಯಾಮೆರಾದ ತಲೆಯ ಮೇಲೆ ಉಗುರಿಗಿಂತ ಚಿಕ್ಕ ಕಿಟಕಿಯೊಂದಿದೆ, ಅದರೊಳಗೆ ಆ ರಂಧ್ರದ ಅಳತೆ ಹೇಳುವ ಎಫ್ ಸಂಖ್ಯೆ ಮೂಡುತ್ತದೆ. ಮುದ್ದಾಗಿದೆ, ಆದರೆ ಚಾಳೀಸು ಬಂದವರಿಗೆ ಕಷ್ಟ.

ಬೇರೆ ಲೆಕ್ಕವೂ ಇದೆ. ಝಡ್‌ಎಫ್‌ಸಿಯ ಪರದೆ ಪಕ್ಕಕ್ಕೆ ತಿರುಗುತ್ತದೆ. ಝಡ್ 50ರದ್ದು ಕೆಳಕ್ಕೆ ಮಡಚುವುದರಿಂದ ಟ್ರೈಪಾಡ್ ಮೇಲೆ ಸೆಲ್ಫಿ ವಿಡಿಯೊಗೆ ಅಡ್ಡ. ಝಡ್ 50ಯಲ್ಲಿ ಫ್ಲ್ಯಾಶ್ ಇದೆ, ಇದರಲ್ಲಿಲ್ಲ. ಇದಕ್ಕೆ ಟೈಪ್-ಸಿ ಕೇಬಲ್, ಅದಕ್ಕೆ ಹಳೇ ಮೈಕ್ರೋ ಯುಎಸ್‌ಬಿ.

ಅಂಗಡಿಯಲ್ಲಿ ನೀವು ಮುಂದೆ ಕೊಳ್ಳಲಿರುವ ಅತಿ ಭಾರದ ಲೆನ್ಸನ್ನೇ ಹಾಕಿಸಿ. ಕಣ್ಣು ವ್ಯೂಫೈಂಡರ್‌ನಿಂದ ತೆಗೆಯದೆ ಮೂರೂ ಡಯಲ್ ತಿರುಗಿಸಿ. ಕಿರುಬೆರಳು ಅಡಿಯಲ್ಲಿ ನೇತಾಡುತ್ತದೆಯೇ, ಹೆಬ್ಬೆರಳಿಗೆ ಒರಗಲು ಜಾಗವಿದೆಯೇ ನೋಡಿ. ಹಕ್ಕಿ, ಕ್ರಿಕೆಟ್ ತೆಗೆಯುವವರಾದರೆ ಝಡ್ 50. ಊರು, ಮನೆ, ಪ್ರವಾಸ ಎಂದಾದರೆ ಮನಸೋತದ್ದನ್ನೇ ಕೊಳ್ಳಿ. ಚೆಂದವಿದ್ದರೆ ಕೈಗೆತ್ತಿಕೊಳ್ಳಬೇಕೆನಿಸುತ್ತದೆ, ಬೀರುವಿನಲ್ಲಿ ಮಲಗಿರುವ ಕ್ಯಾಮೆರಾ ಫೋಟೊ ತೆಗೆಯುವುದಿಲ್ಲ.

ಪ್ರಶ್ನೆ: ಮಿರರ್‌ಲೆಸ್‌ನಲ್ಲಿ ಕನ್ನಡಿಯೂ ಇಲ್ಲ, ಪ್ರಿಸಮ್ಮೂ ಇಲ್ಲ. ಮತ್ತೆ ಕ್ಯಾಮೆರಾದ ನೆತ್ತಿಯ ಮೇಲೆ ಆ ಗೂನು ಯಾಕೆ? (ಬೆಂಗಳೂರು)

ಅರ್ಧ ಅಭ್ಯಾಸಬಲ, ಅರ್ಧ ಅಗತ್ಯ. ಕನ್ನಡಿಯಿರುವ ಹಳೆಯ ಬಗೆಯ ಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಬೆಳಕು 45 ಡಿಗ್ರಿ ಕನ್ನಡಿಗೆ ಬಡಿದು, ಮೇಲಿನ ಪ್ರಿಸಮ್ಮಿನಲ್ಲಿ ತಿರುಗಿ ಕಣ್ಣಿಗೆ ಬರಬೇಕಿತ್ತು. ಹಾಗಾಗಿ ಗೂನು ಲೆನ್ಸಿನ ನೇರಕ್ಕೇ ಇರಬೇಕಿತ್ತು. ಮಿರರ್‌ಲೆಸ್‌ನಲ್ಲಿ ಕಾಣುವುದು ಪುಟ್ಟ ಪರದೆ, ಅದನ್ನು ಎಲ್ಲಿ ಬೇಕಾದರೂ ಇಡಬಹುದು. ಆದರೆ ದೊಡ್ಡದಾಗಿ ಕಾಣಬೇಕೆಂದರೆ ಅದರ ಮುಂದಿನ ಗಾಜುಗಳಿಗೆ ಜಾಗ ಬೇಕು. ಸೋನಿ 2020ರಲ್ಲಿ ಎ7ಸಿ ತಂದಾಗ ಗೂನು ತೆಗೆದು ವ್ಯೂಫೈಂಡರನ್ನು ಎಡಮೂಲೆಗೆ ತಳ್ಳಿತು. ತೂಕ ಎ7 III ನ 650ರಿಂದ 509 ಗ್ರಾಂಗೆ ಇಳಿಯಿತು, ಜೊತೆಗೆ ವ್ಯೂಫೈಂಡರ್ ಹಿಗ್ಗುವಿಕೆಯೂ 0.78ರಿಂದ 0.59ಕ್ಕೆ. ಕನ್ನಡಕದವರಿಗೆ ಈ ಚೌಕಾಶಿ ಇಷ್ಟವಾಗಲಿಕ್ಕಿಲ್ಲ. ಬಲಗಣ್ಣಿನಲ್ಲಿ ನೋಡುವವರಿಗೆ ಮೂಲೆಯ ಕಿಂಡಿಯಿಂದ ಒಂದು ಸುಖ: ಮೂಗು ಪರದೆಗೆ ಒತ್ತಿ ಜಿಡ್ಡಾಗುವುದಿಲ್ಲ. ಎಡಗಣ್ಣಿನವರಿಗೆ ಆ ಸುಖವಿಲ್ಲ.

ಪ್ರಶ್ನೆ: ನನ್ನ ಕ್ಯಾಮೆರಾದ ಗ್ರಿಪ್ ರಬ್ಬರ್ ಅಂಟಂಟಾಗಿದೆ, ಮೂಲೆಯಲ್ಲಿ ಎದ್ದಿದೆ. ಫೆವಿಕ್ವಿಕ್ ಹಾಕಲೇ? (ಮಂಗಳೂರು)

ಖಂಡಿತ ಬೇಡ. ಆ ಅಂಟಿನ ಆವಿ ಹತ್ತಿರದ ಪ್ಲಾಸ್ಟಿಕ್ ಮೇಲೆ, ಐಪೀಸ್ ಮೇಲೆ ಬಿಳಿ ಮಬ್ಬಾಗಿ ಕೂರುತ್ತದೆ. ಮುಂದೆ ರಿಪೇರಿಗೆ ಬಿಚ್ಚಬೇಕಾದಾಗ ರಬ್ಬರ್ ಹರಿದೇ ಬರುತ್ತದೆ. ಗ್ರಿಪ್ ರಬ್ಬರನ್ನು ಸಾಮಾನ್ಯವಾಗಿ ಡಬಲ್ ಸೈಡ್ ಟೇಪಿನಿಂದ ಅಂಟಿಸಿರುತ್ತಾರೆ. ಬೆವರು, ಕರಾವಳಿಯ ಶೆಖೆ, ಕೈಗೆ ಹಚ್ಚಿದ ಸೊಳ್ಳೆ ಕ್ರೀಮು ಮೂರೂ ಸೇರಿ ಅದನ್ನು ಮೆತ್ತಗೆ ಮಾಡುತ್ತವೆ.

ಬ್ಯಾಟರಿ ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಟ್ಟೆಗೆ ಹಾಕಿ ಒರೆಸಿ, ಕ್ಯಾಮೆರಾ ಮೇಲೆ ಸುರಿಯಬೇಡಿ. ತಿನ್ನರ್, ನೇಲ್ ಪಾಲಿಶ್ ರಿಮೂವರ್ ಬಳಸಿದರೆ ಪ್ಲಾಸ್ಟಿಕ್ಕೇ ಕರಗುತ್ತದೆ. ಎದ್ದ ಮೂಲೆಯಲ್ಲಿ ಹಳೆಯ ಅಂಟನ್ನು ಬೆರಳಿನಿಂದ ಉಜ್ಜಿ ಪೂರ್ತಿ ತೆಗೆದು, ತೆಳು ಡಬಲ್ ಸೈಡ್ ಟೇಪ್ ಕತ್ತರಿಸಿ ಅಂಟಿಸಿ. ರಬ್ಬರ್ ಹಿಗ್ಗಿ ಅಂಚಿನಾಚೆ ಬಂದಿದ್ದರೆ ಮತ್ತೆ ಕೂರುವುದಿಲ್ಲ, ನಿಮ್ಮ ಮಾಡೆಲ್‌ನ ಹೊಸ ತುಂಡನ್ನೇ ತರಿಸಬೇಕು. ಮಳೆಗಾಲದಲ್ಲಿ ತೇವಾಂಶ 40ರಿಂದ 50 ಶೇಕಡಾ ಇರುವ ಡ್ರೈ ಬಾಕ್ಸಿನಲ್ಲಿಡಿ, ಲೆನ್ಸಿಗೆ ಬೂಸ್ಟು ಹಿಡಿಯುವುದೂ ತಪ್ಪುತ್ತದೆ.