ಒಂದೇ ಸಾಲಿನಲ್ಲಿ ಹದಿನಾರು ಆಂಟೆನಾಗಳೇಕೆ?

ಪ್ರಶ್ನೆ: ಮೇಲಿನ ವಾತಾವರಣವನ್ನು ಅಧ್ಯಯನ ಮಾಡುವ ಸೂಪರ್‌ಡಾರ್ನ್ ರೇಡಾರ್‌ನ ಚಿತ್ರದಲ್ಲಿ ಹದಿನಾರು ಆಂಟೆನಾಗಳು ಬೇಲಿಯಂತೆ ಸಾಲಾಗಿ ನಿಂತಿದ್ದವು, ತುಸು ದೂರದಲ್ಲಿ ಇನ್ನೂ ನಾಲ್ಕಿದ್ದವು. ವಿಮಾನ ನಿಲ್ದಾಣದಲ್ಲಿರುವಂತೆ ತಿರುಗುವ ಒಂದೇ ಆಂಟೆನಾ ಸಾಲದೇ? ಆ ನಾಲ್ಕರ ಕೆಲಸವೇನು?

ಉತ್ತರ: ಸಾಲದು; ಅದಕ್ಕೆ ಕಾರಣ ಅಲೆಯ ಉದ್ದ. 1983ರಲ್ಲಿ ಕೆನಡಾದ ಗೂಸ್ ಬೇಯಲ್ಲಿ ಮೊದಲಾದ ಈ ಬಗೆಯ ರೇಡಾರ್‌ಗಳು ಸುಮಾರು 8ರಿಂದ 20 ಮೆಗಾಹರ್ಟ್ಸ್‌ವರೆಗಿನ, ಅಂದರೆ ನಮ್ಮ ಹಳೆಯ ಶಾರ್ಟ್‌ವೇವ್ ರೇಡಿಯೊಗಳಿಗೆ ಪರಿಚಿತವಾದ ಅಲೆಗಳನ್ನು ಬಳಸುತ್ತವೆ. ಧ್ರುವಗಳ ಸಮೀಪ ಭೂಮಿಯ ಕಾಂತರೇಖೆಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತವೆ. ಅಯಾನುಗೋಳದ, ಅಂದರೆ ಮೇಲಿನ ವಾತಾವರಣದ ವಿದ್ಯುದಾವೇಶವುಳ್ಳ ಪದರದ, ಸಾಂದ್ರತೆಯ ಏರುಪೇರುಗಳು ಆ ರೇಖೆಗಳ ಉದ್ದಕ್ಕೂ ಚಾಚಿಕೊಂಡಿರುವುದರಿಂದ, ಅಲೆ ಅವುಗಳಿಗೆ ಲಂಬವಾಗಿ ತಾಗಿದಾಗ ಮಾತ್ರ ಬಂದ ದಾರಿಯಲ್ಲೇ ಮರಳುತ್ತದೆ. ನೆಲದಿಂದ ಓರೆಯಾಗಿ ಏರಿದ ಅಲೆ ಹಾಗೆ ತಾಗಬೇಕಾದರೆ ಅಯಾನುಗೋಳದಲ್ಲಿ ಸಾಕಷ್ಟು ಬಾಗಬೇಕು. ಶಾರ್ಟ್‌ವೇವ್ ಅಲೆಗಳಿಗೆ ಆ ಗುಣವಿದೆ.

ಆದರೆ 10 ಮೆಗಾಹರ್ಟ್ಸ್‌ನಲ್ಲಿ ತರಂಗದೂರ, ಅಂದರೆ ಅಲೆಯ ಉದ್ದ, 30 ಮೀಟರ್. ಕೆಲವೇ ಡಿಗ್ರಿ ಅಗಲದ ತರಂಗಪುಂಜ (ಒಂದೇ ದಿಕ್ಕಿಗೆ ಸಾಗುವ ಅಲೆಗಳ ಕಿರಿದಾದ ಕಟ್ಟು) ಬೇಕೆಂದರೆ ಆಂಟೆನಾ ಇನ್ನೂರು ಮೀಟರಿಗೂ ಮಿಕ್ಕಿ ಅಗಲವಿರಬೇಕು. ಅಷ್ಟು ದೊಡ್ಡದನ್ನು ತಿರುಗಿಸುವುದು ಆಗದ ಮಾತು. ಆದ್ದರಿಂದ ಹದಿನಾರು ಆಂಟೆನಾಗಳನ್ನು ಕದಲದಂತೆ ನಿಲ್ಲಿಸಿ, ಒಂದರಿಂದ ಇನ್ನೊಂದಕ್ಕೆ ಸಂಕೇತವನ್ನು ಲೆಕ್ಕ ಹಾಕಿ ತುಸು ತಡವಾಗಿ ಕೊಡುತ್ತಾರೆ. ಆಗ ಅಲೆಗಳು ಬೇಕಾದ ದಿಕ್ಕಿನಲ್ಲಿ ಒಂದಕ್ಕೊಂದು ಬಲ ಕೊಟ್ಟು ಕೂಡುತ್ತವೆ. ಹೀಗೆ ಸಾಮಾನ್ಯವಾಗಿ 16 ದಿಕ್ಕುಗಳಲ್ಲಿ, ಒಟ್ಟು ಸುಮಾರು 52 ಡಿಗ್ರಿ ಅಗಲದ ಪ್ರದೇಶವನ್ನು ನೋಡಬಹುದು.

ವಿನ್ಯಾಸದ ನಿಜವಾದ ಕಷ್ಟವಿರುವುದು ಆಂಟೆನಾಗಳ ನಡುವಿನ ಅಂತರದಲ್ಲಿ ಎಂಬುದು ನನ್ನ ಅಭಿಪ್ರಾಯ. ಅನೇಕ ಕೇಂದ್ರಗಳಲ್ಲಿ ಅದು 15.24 ಮೀಟರ್. 10 ಮೆಗಾಹರ್ಟ್ಸ್‌ಗೆ ಇದು ಅರ್ಧ ತರಂಗದೂರವಾಗಿ ಚೆನ್ನಾಗಿ ಹೊಂದುತ್ತದೆ. 20 ಮೆಗಾಹರ್ಟ್ಸ್‌ಗೆ ಇದೇ ಅಂತರ ಒಂದು ಪೂರ್ಣ ತರಂಗದೂರವಾಗುವುದರಿಂದ, ಪುಂಜವನ್ನು ಪಕ್ಕಕ್ಕೆ ಹೊರಳಿಸಿದಾಗ ಬೇಡದ ದಿಕ್ಕಿನಲ್ಲೂ ಇನ್ನೊಂದು ಪುಂಜ ಹುಟ್ಟಿಕೊಳ್ಳುತ್ತದೆ. ಅಂತರ ತಗ್ಗಿಸಿದರೆ ಈ ತೊಂದರೆ ತಗ್ಗುತ್ತದೆ, ಆದರೆ ಸಾಲು ಗಿಡ್ಡವಾಗಿ ಪುಂಜ ಅಗಲವಾಗುತ್ತದೆ.

ಇನ್ನು ಆ ನಾಲ್ಕು ಆಂಟೆನಾಗಳು. ಒಂದೇ ಸಾಲಾದುದರಿಂದ ಪುಂಜ ಅಡ್ಡಕ್ಕೆ ಕಿರಿದಾದರೂ ಮೇಲೆ ಕೆಳಗೆ ಅಗಲವಾಗಿಯೇ ಇರುತ್ತದೆ. ಪ್ರತಿಧ್ವನಿ ಎಷ್ಟು ಎತ್ತರದ ಕೋನದಿಂದ ಬಂತೆಂಬುದು ಅದರಿಂದ ತಿಳಿಯದು. ಅನೇಕ ಕಡೆ ಸುಮಾರು 100 ಮೀಟರ್ ಮುಂದೆ ಅಥವಾ ಹಿಂದೆ ನಿಂತ ಈ ನಾಲ್ಕರ ಎರಡನೆಯ ಸಾಲಿಗೆ ಅದೇ ಪ್ರತಿಧ್ವನಿ ತಲುಪುವಾಗ ಪ್ರಾವಸ್ಥೆಯಲ್ಲಿ (ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದರಲ್ಲಿ) ಉಂಟಾಗುವ ವ್ಯತ್ಯಾಸವೇ ಆ ಕೋನವನ್ನು ಹೇಳುತ್ತದೆ. ಎರಡು ಸಾಲುಗಳಿಂದ ಬರುವ ಕೇಬಲ್‌ಗಳಲ್ಲಿ ಸಂಕೇತಕ್ಕೆ ಆಗುವ ವಿಳಂಬದ ವ್ಯತ್ಯಾಸವನ್ನು ಸರಿಯಾಗಿ ಅಳೆಯದಿದ್ದರೆ ಈ ಕೋನವೇ ತಪ್ಪಾಗುತ್ತದೆ.